ಬೆಂಚು ಖಾಲಿ, ಬಾಗಿಲ ಬಳಿ ಗುಂಪು: ಆಸ್ಪತ್ರೆ ಅಂಗಳದ ಸದ್ದಿಗೆ ಏನು ಮಾಡೋಣ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು 60 ಹಾಸಿಗೆಯ ಆಸ್ಪತ್ರೆ. ಪಿ.ಬಿ. ರಸ್ತೆಗೆ ಸೇರುವ ಅಡ್ಡರಸ್ತೆಯಲ್ಲಿದ್ದೇವೆ, ರೈಲ್ವೆ ಹಳಿಯೂ ದೂರವಿಲ್ಲ. ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ 40×60 ಅಡಿ ಜಾಗವಿದೆ. ರೋಗಿಗಳಿಗೆ, ಅವರ ಕಡೆಯವರಿಗೆ ಇರಲಿ ಎಂದು ಎರಡು ವರ್ಷದ ಹಿಂದೆ ಅಲ್ಲಿ ಹುಲ್ಲು ಹಾಕಿಸಿ ಆರು ಕಲ್ಲುಬೆಂಚು ಇಡಿಸಿದೆವು. ಒಬ್ಬರೂ ಕೂರುವುದಿಲ್ಲ. ಎಲ್ಲರೂ ಓಪಿಡಿ ಬಾಗಿಲಲ್ಲೇ ನಿಂತಿರುತ್ತಾರೆ. ರಸ್ತೆಯ ಗದ್ದಲವೇ ಕಾರಣವಿರಬೇಕು ಎಂದುಕೊಂಡಿದ್ದೇವೆ. ಮೊಬೈಲ್ ಆ್ಯಪಿನಲ್ಲಿ ನೋಡಿದರೆ ಹಗಲು 68 ಡೆಸಿಬೆಲ್, ಜನರೇಟರ್ ಓಡುವಾಗ 78 ತೋರಿಸುತ್ತದೆ. ಕಾಂಪೌಂಡ್ ಉದ್ದಕ್ಕೂ ಶಬ್ದ ಹೀರುವ ಅಶೋಕ ಗಿಡ, ನಡುವೆ ಕಾರಂಜಿ, ನಾಲ್ಕೂ ಮೂಲೆಗೆ ಸ್ಪೀಕರ್ ಹಾಕಿ ದಿನವಿಡೀ ಕೊಳಲು ನುಡಿಸಿದರೆ ಸರಿಹೋಗುತ್ತದೆ ಎಂದು ಒಬ್ಬ ಕಂಟ್ರಾಕ್ಟರ್ 4 ಲಕ್ಷ 80 ಸಾವಿರದ ಕೊಟೇಶನ್ ಕೊಟ್ಟಿದ್ದಾರೆ. ನಮ್ಮ ಹಿರಿಯ ಡಾಕ್ಟರು ಬೆಳಿಗ್ಗೆ ವಚನ ಹಾಕಿಸಿ ಎನ್ನುತ್ತಾರೆ. ಎರಡನೇ ಮಹಡಿಯ ವಾರ್ಡಿನವರದು ರಾತ್ರಿ ನಿದ್ದೆಯಿಲ್ಲ ಎಂಬ ದೂರು ಬೇರೆ. ಇದರಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?
— ಆಸ್ಪತ್ರೆ ಆಡಳಿತಾಧಿಕಾರಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಒಂದು ಕೆಲಸ ಹೇಳಿದ್ದೆ, ನೆನಪಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓಪಿಡಿ ಬಾಗಿಲಲ್ಲಿ ನಿಂತಿರುವ ಹತ್ತು ಜನರನ್ನು, "ಅಲ್ಲಿ ಬೆಂಚಿದೆಯಲ್ಲ, ಯಾಕೆ ಕೂತಿಲ್ಲ?" ಎಂದು ಕೇಳಿ ಬನ್ನಿ ಎಂದಿದ್ದೆ. ನೀವು ಕೇಳಿದಿರಿ. ಹತ್ತರಲ್ಲಿ ಏಳು ಜನರ ಉತ್ತರ ಹೆಚ್ಚುಕಮ್ಮಿ ಒಂದೇ: "ಅಲ್ಲಿ ಕುಂತ್ರೆ ಕರದಿದ್ದು ಕೇಳಂಗಿಲ್ರೀ." ಒಬ್ಬರು ಬಿಸಿಲು ಎಂದರು, ಒಬ್ಬರು ಬೆಂಚು ಕಾದು ಸುಡುತ್ತದೆ ಎಂದರು, ಒಬ್ಬ ಅಜ್ಜಿ ಅದು ಡಾಕ್ಟರ ಮನೆಯವರ ಜಾಗ ಅಂದುಕೊಂಡಿದ್ದರು. ರಸ್ತೆಯ ಗದ್ದಲ ತಡೆಯಲಾಗದು ಎಂದವರು ಒಬ್ಬರೂ ಇಲ್ಲ. ಜೊತೆಗೆ ನೀವು ಅಂಗಳದ ನಕ್ಷೆ, ಗೇಟಿನ ವಿಡಿಯೋ ಕಳಿಸಿ, ರೈಲಿನ ಹಾರ್ನ್, ಗೇಟಿನ ಮುಂದಿನ ಹಂಪ್, ನಿಶ್ಶಬ್ದ ವಲಯದ ಫಲಕ ಇವುಗಳ ಬಗ್ಗೆಯೂ ಫೋನಿನಲ್ಲಿ ಕೇಳಿದಿರಿ.

ಆ ಏಳು ಜನರ ಮಾತು ಹಿಡಿದುಕೊಂಡೇ ಉತ್ತರ ಕೊಡುತ್ತೇನೆ. ಆಸ್ಪತ್ರೆ ಅಂಗಳದಲ್ಲಿ ಕೂತವರ ಕಿವಿ ಬೇರೆ ಯಾವ ಪಾರ್ಕಿನಲ್ಲಿ ಕೂತವರ ಕಿವಿಯಂತೆಯೂ ಇರುವುದಿಲ್ಲ. ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಬೆಳಗಿನ ಜಾವದ ಬಸ್ಸಿಗೆ ಬಂದವರು ಅವರು. ಒಂದು ಸಲ ಕೂಗಿದ್ದು ತಪ್ಪಿದರೆ ಸರದಿ ಹೋಗುತ್ತದೆ, ಸರದಿ ಹೋದರೆ ಸಂಜೆಯ ಬಸ್ಸು ಹೋಗುತ್ತದೆ. ಹೀಗಿರುವಾಗ ಕೊಳಲು ಎಷ್ಟು ಇಂಪಾಗಿದ್ದರೂ ಅವರ ಲೆಕ್ಕದಲ್ಲಿ ಅದು ತಮ್ಮ ನಂಬರನ್ನು ಮುಚ್ಚುವ ಇನ್ನೊಂದು ಸದ್ದು. ಕಂಟ್ರಾಕ್ಟರ್ ಕೊಟ್ಟ ಮೂರು ಸಲಹೆಯಲ್ಲಿ ಎರಡು ನಿಮ್ಮ ಅಂಗಳಕ್ಕೆ ಸದ್ದು ಸೇರಿಸುತ್ತವೆ, ಮೂರನೆಯದು ಕಳೆಯುವುದೂ ಇಲ್ಲ, ಕೂಡುವುದೂ ಇಲ್ಲ.

ಮೂರನೆಯದು ಅಂದರೆ ಗಿಡ. "ಗಿಡ ಶಬ್ದ ಹೀರುತ್ತದೆ" ಎಂಬ ಮಾತನ್ನು ನರ್ಸರಿಯವರಿಂದ ಹಿಡಿದು ಎಂಜಿನಿಯರುಗಳವರೆಗೆ ಎಲ್ಲರೂ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ನೋಡಿ: ಬುಡದಿಂದ ತುದಿಯವರೆಗೆ ಎಲೆ ತುಂಬಿದ, ಆಚೆ ಬದಿ ಕಾಣದಷ್ಟು ದಟ್ಟವಾದ 30 ಮೀಟರ್ ದಪ್ಪದ ತೋಪು ಇದ್ದರೆ ರಸ್ತೆಯ ಸದ್ದು 5 ಡೆಸಿಬೆಲ್ ಆಸುಪಾಸು ಇಳಿಯಬಹುದು. ನಿಮ್ಮ ಇಡೀ ಜಾಗದ ಉದ್ದವೇ 18 ಮೀಟರ್. ಕಂಬದ ಹಾಗೆ ನೆಟ್ಟಗೆ ಬೆಳೆಯುವ ಅಶೋಕದ ಒಂದು ಸಾಲು ಒಂದು ಮೀಟರ್ ದಪ್ಪವೂ ಇರುವುದಿಲ್ಲ. ಅದರಿಂದ ಇಳಿಯುವ ಸದ್ದು ಅಳೆಯುವ ಯಂತ್ರಕ್ಕೂ ಸಿಗದು, ಕಿವಿಗೂ ಸಿಗದು. ಮನುಷ್ಯರಿಗೆ ಗೊತ್ತಾಗಬೇಕಾದರೆ ಸುಮಾರು 3 ಡೆಸಿಬೆಲ್ ವ್ಯತ್ಯಾಸ ಬೇಕು, "ಅರ್ಧ ಆಯ್ತು" ಅನ್ನಿಸಬೇಕಾದರೆ 10. ವಾಹನ ಕಣ್ಣಿಗೆ ಬೀಳದಿದ್ದರೆ ಕಿರಿಕಿರಿ ತುಸು ಕಡಿಮೆ ಎನಿಸುವುದುಂಟು, ಅದನ್ನು ಒಪ್ಪುತ್ತೇನೆ. ಗಿಡ ನೆಡಿ, ಅವಶ್ಯ ನೆಡಿ. ಆದರೆ ನೆರಳಿಗೆಂದು ನೆಡಿ, ಹಕ್ಕಿಗೆಂದು ನೆಡಿ. ಅದಕ್ಕೆ ಅಶೋಕ ಬೇಡ, ಅದರ ನೆರಳು ಒಂದು ಕೊಡೆಯಷ್ಟೂ ಬೀಳುವುದಿಲ್ಲ. ಹೊಂಗೆ, ಬೇವು ಇರಲಿ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಹೊಂಗೆಯಷ್ಟು ಒಳ್ಳೆ ನೆರಳು ಕಷ್ಟ. ಹೊಂಗೆ ಹೂ ಬಿಟ್ಟ ತಿಂಗಳು ಜೇನ್ನೊಣ ಬರುತ್ತವೆ, ಆದ್ದರಿಂದ ಗಾಲಿಕುರ್ಚಿಯವರು ಕೂರುವ ಜಾಗದಿಂದ ನಾಲ್ಕು ಹೆಜ್ಜೆ ದೂರ ನೆಡಿ. ಅರಳಿ ಎಲೆಯ ತೊಟ್ಟು ಉದ್ದ, ಗಾಳಿ ಇಲ್ಲದಂತೆ ಕಾಣುವ ಹೊತ್ತಿನಲ್ಲೂ ಪಟಪಟ ಅನ್ನುತ್ತಿರುತ್ತದೆ. ಕೇಳಲು ಬಹಳ ಹಿತ. ಆದರೆ ಅದರ ಬೇರು ಗೋಡೆ ಸೀಳುತ್ತದೆ, 40 ಅಡಿ ಅಗಲದಲ್ಲಿ ಅದಕ್ಕೆ ಜಾಗವಿಲ್ಲ. ಆಚೆ ಬೀದಿಯಲ್ಲಿ ಹಳೆಯದೊಂದು ಇದ್ದರೆ ಕಡಿಯದಂತೆ ನೋಡಿಕೊಳ್ಳಿ, ಅಷ್ಟು ಸಾಕು.

ಈಗ 68 ಮತ್ತು 78ರ ಮಾತು. ಮೊಬೈಲ್ ಆ್ಯಪನ್ನು ಕೋರ್ಟಿಗೆ ಒಯ್ಯಲಾಗದು, ಕೆಲವು ಡೆಸಿಬೆಲ್ ಅತ್ತಿತ್ತ ಹೋಗುತ್ತದೆ. ಆದರೆ ಅದೇ ಫೋನು, ಅದೇ ಬೆಂಚು, ಅದೇ ಹೊತ್ತು ಎಂದು ಇಟ್ಟುಕೊಂಡರೆ ಮೊದಲು-ನಂತರ ಹೋಲಿಸಲು ಸಾಕು. ಡೆಸಿಬೆಲ್ ಲೆಕ್ಕಕ್ಕೆ ನಮ್ಮ ಮಾಮೂಲಿ ಕೂಡುವಿಕೆ ನಡೆಯುವುದಿಲ್ಲ. ಒಂದೇ ಬಲದ ಎರಡು ಸದ್ದು ಸೇರಿದರೆ 3 ಮಾತ್ರ ಏರುತ್ತದೆ. 68ರ ಜೊತೆ 78 ಸೇರಿದರೆ 78ಕ್ಕಿಂತ ಅರ್ಧ ಡೆಸಿಬೆಲ್ ಕೂಡ ಹೆಚ್ಚಾಗದು. ಇದನ್ನೇ ತಿರುಗಿಸಿ ಓದಿ: ಜನರೇಟರ್ ಓಡುವಾಗ ರಸ್ತೆಯನ್ನೇ ಬಂದ್ ಮಾಡಿಸಿದರೂ ನಿಮ್ಮ ಅಂಗಳ ತಣ್ಣಗಾಗುವುದಿಲ್ಲ. ಹಾಗಾಗಿ ನಾನು ಯಾವ ಆಸ್ಪತ್ರೆಗೆ ಹೋದರೂ ಮೊದಲು ನೋಡುವುದು ಗೇಟಿನ ಒಳಗೆ ಏನೇನು ಕೂಗುತ್ತಿದೆ ಎಂದು. ಹೊರಗಿನವರನ್ನು ಬೈಯುವುದು ಸುಲಭ, ಒಳಗಿನದನ್ನು ಸರಿಮಾಡುವುದು ಅಗ್ಗ.

ಜನರೇಟರಿನಿಂದಲೇ ಶುರು ಮಾಡೋಣ. 2005ರಿಂದ ಈಚೆ ತಯಾರಾದ, 1000 ಕೆವಿಎ ಸಾಮರ್ಥ್ಯದ ಒಳಗಿನ ಡೀಸೆಲ್ ಜನರೇಟರ್ ಸೆಟ್ಟಿಗೆ ಕೇಂದ್ರದ ನಿಯಮವಿದೆ: ಕ್ಯಾನಪಿಯಿಂದ, ಅಂದರೆ ಸೆಟ್ಟನ್ನು ಮುಚ್ಚುವ ಸದ್ದು ತಡೆಯುವ ಪೆಟ್ಟಿಗೆಯಿಂದ, ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ದಾಟುವಂತಿಲ್ಲ. ನಿಮ್ಮದು 12 ಮೀಟರ್ ಆಚೆ ಇದೆ ಎಂದಿರಿ. ಒಂದೇ ಕಡೆಯಿಂದ ಹೊರಡುವ ಸದ್ದು ದೂರ ಇಮ್ಮಡಿಯಾದಂತೆ 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕಕ್ಕೆ ಅದು ಬೆಂಚಿನ ಬಳಿ ನಿಮ್ಮ ರಸ್ತೆಯ ಸದ್ದಿಗಿಂತ ಕೆಳಗೆ ಇರಬೇಕಿತ್ತು. 78 ಬರುತ್ತಿದೆ ಅಂದರೆ ಎಲ್ಲೋ ಬಾಯಿ ತೆರೆದಿದೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಇದೇ ದೂರಿಗೆ ಹೋಗಿದ್ದೆ. ಹೊಸ ಕ್ಯಾನಪಿಗೆ ಎರಡೂವರೆ ಲಕ್ಷದ ಫೈಲು ತಯಾರಾಗಿತ್ತು. ಹಿಂದೆ ಹೋಗಿ ನೋಡಿದರೆ ಕ್ಯಾನಪಿಯ ಬಾಗಿಲಿಗೆ ಒಂದು ಅರ್ಧ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರು. ಆಪರೇಟರ್ ಅಣ್ಣನಿಗೆ ಕೇಳಿದರೆ, "ಬಿಸಿ ಆಗ್ತತಿ ಸಾರ್, ಟ್ರಿಪ್ ಹೊಡಿತತಿ" ಎಂದ. ಅವನದು ತಪ್ಪಿರಲಿಲ್ಲ. ಗಾಳಿ ಎಳೆಯುವ ಜಾಲರಿಯ ಮುಂದೆ ಯಾರೋ ಹಳೆ ಮಂಚ, ಮುರಿದ ಸಲೈನ್ ಸ್ಟ್ಯಾಂಡು ಒಟ್ಟಿದ್ದರು, ಸೆಟ್ಟಿಗೆ ಉಸಿರೇ ಇರಲಿಲ್ಲ. ಮಂಚ ತೆಗೆಸಿದೆವು, ಬಾಗಿಲ ಅಂಚಿನ ರಬ್ಬರ್ ಬದಲಿಸಿದೆವು, ಬಾಗಿಲು ಮುಚ್ಚಿತು. ಆ ಇಟ್ಟಿಗೆ ಇವತ್ತಿಗೂ ನನ್ನ ಆಫೀಸಿನಲ್ಲಿದೆ, ಕಾಗದದ ಮೇಲಿಡಲು.

ನೀವೂ ಹಾಗೇ ನೋಡಿ. ಬಾಗಿಲು, ಬಾಗಿಲಿನ ರಬ್ಬರ್, ಹೊಗೆ ಕೊಳವೆಯ ಬಾಯಿ ಯಾವ ಕಡೆಗಿದೆ, ಸೈಲೆನ್ಸರ್ ತೂತುಬಿದ್ದಿದೆಯೇ, ಕೆಳಗಿನ ರಬ್ಬರ್ ಪ್ಯಾಡು ಸವೆದು ನೆಲಕ್ಕೆ ನಡುಕ ಇಳಿಯುತ್ತಿದೆಯೇ. ವಾರಕ್ಕೊಮ್ಮೆಯ ಟೆಸ್ಟ್ ಓಟವನ್ನು ಬೆಳಿಗ್ಗೆ ಆರಕ್ಕೆ ಮಾಡುತ್ತಾರೆ ಎಂದು ನಿಮ್ಮ ಸಿಸ್ಟರ್ ಹೇಳಿದರು. ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ ತಳ್ಳಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೋವಿಡ್ ಕಾಲದಲ್ಲಿ ಹಾಕಿದ ಆಕ್ಸಿಜನ್ ಪ್ಲಾಂಟ್ ಇದ್ದರೆ ಅದರ ಕಂಪ್ರೆಸರ್, ವ್ಯಾಕ್ಯೂಮ್ ಪಂಪು, ಎಸಿಗಳ ಔಟ್‌ಡೋರ್ ಯೂನಿಟ್ಟು ಇವನ್ನೂ ಒಂದೊಂದಾಗಿ ನಿಲ್ಲಿಸಿ ಓಡಿಸಿ ಕೇಳಿ. ಆಕ್ಸಿಜನ್, ವ್ಯಾಕ್ಯೂಮ್ ಮಾತ್ರ ಬಯೋಮೆಡಿಕಲ್ ಎಂಜಿನಿಯರ್ ಎದುರಿಗಿದ್ದು, ಬದಲಿ ವ್ಯವಸ್ಥೆ ಇರುವಾಗಷ್ಟೇ ಮುಟ್ಟಬೇಕು. ಸದ್ದು ಅಳೆಯಲು ಹೋಗಿ ಐಸಿಯುಗೆ ತೊಂದರೆ ಕೊಡಬೇಡಿ.

ಸಣ್ಣ ಸದ್ದುಗಳು ಇನ್ನೂ ಇವೆ. ಸರಾಸರಿಯಲ್ಲಿ ಇವು ಕಾಣುವುದೇ ಇಲ್ಲ, ನಿದ್ದೆ ಕೆಡಿಸುವುದು ಮಾತ್ರ ಇವೇ. ನಿಮ್ಮ ಗೇಟಿನ ವಿಡಿಯೋ ಮೂರು ಸಲ ನೋಡಿದೆ. ಚರಂಡಿ ಮೇಲಿನ ಕಬ್ಬಿಣದ ಜಾಲರಿ ಮೇಲೆ ಆಟೋದ ಮುಂದಿನ ಚಕ್ರ ಹತ್ತಿದಾಗ ಒಂದು "ಢಣ್", ಹಿಂದಿನವು ಹತ್ತಿದಾಗ ಇನ್ನೊಂದು. ಎರಡು ನಿಮಿಷದ ವಿಡಿಯೋದಲ್ಲಿ ಹನ್ನೊಂದು ಸಲ ಎಣಿಸಿದೆ. ಅದರ ಒಂದು ಮೂಲೆ ಎದ್ದಿದೆ ಅಷ್ಟೆ. ಕೆಳಗೆ ರಬ್ಬರ್ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಸಿದರೆ ಆಯಿತು, ಒಬ್ಬ ವೆಲ್ಡರಿನ ಅರ್ಧ ದಿನದ ಕೆಲಸ. ಆಮೇಲೆ ನಿಮ್ಮ ಇಂಟರ್‌ಲಾಕ್ ನೆಲ. ಸ್ಟ್ರೆಚರ್ ಅದರ ಮೇಲೆ ಹೋದಾಗ ಪ್ರತಿ ಸಂದಿಗೂ ಕಟಕಟ, ಮೇಲೆ ಮಲಗಿದವರ ಹೊಲಿಗೆಗೂ ಕಟಕಟ. ಆಂಬುಲೆನ್ಸಿನಿಂದ ಬಾಗಿಲವರೆಗೆ ನಾಲ್ಕಡಿ ಅಗಲದ ಪಟ್ಟಿಯನ್ನು ಕಾಂಕ್ರೀಟಿನಲ್ಲಿ ನಯ ಮಾಡಿಸಿ, ಟ್ರಾಲಿಗಳಿಗೆ ಮೆತ್ತನೆಯ ರಬ್ಬರ್ ಚಕ್ರ ಹಾಕಿಸಿ. ಆಕ್ಸಿಜನ್ ಸಿಲಿಂಡರನ್ನು ನೆಲದ ಮೇಲೆ ಉರುಳಿಸಿಕೊಂಡು ಹೋಗುವುದನ್ನು ಸದ್ದಿಗಾಗಿ ಅಲ್ಲದಿದ್ದರೂ ಸುರಕ್ಷತೆಗಾಗಿ ನಿಲ್ಲಿಸಿ. ಹಿಂದಕ್ಕೆ ಬರುವಾಗ ಹಾಡುವ ಟೆಂಪೋ, ಬೆಳಗಾದರೆ ಹಾಡಿಕೊಂಡೇ ಬರುವ ಕಸದ ಗಾಡಿ, ಇವರ ಜೊತೆ ಒಂದು ಸಲ ನಿಂತು ಮಾತಾಡಿದರೆ ಕೇಳುತ್ತಾರೆ. ಆಸ್ಪತ್ರೆ ಅಂದರೆ ಕೇಳುತ್ತಾರೆ, ಇದು ನನ್ನ ಅನುಭವ. ಗೇಟಿನ ಮುಂದೆ ಹಂಪ್ ಹಾಕಿಸಬೇಕು ಅಂದಿದ್ದಿರಿ. ದಯವಿಟ್ಟು ಬೇಡ. ಖಾಲಿ ಟ್ರ್ಯಾಕ್ಟರ್ ಟ್ರೇಲರ್ ಹಂಪ್ ಹಾರುವ ಸದ್ದನ್ನು ರಾತ್ರಿ ಹನ್ನೊಂದಕ್ಕೆ ಕೇಳಿದರೆ ನೀವೇ ಅದನ್ನು ಕೀಳಿಸುತ್ತೀರಿ. ಜೊತೆಗೆ ಪ್ರತಿ ಗಾಡಿಯೂ ಬ್ರೇಕು ಹಾಕಿ ಮತ್ತೆ ಎಕ್ಸಲೇಟರ್ ಕೊಡುತ್ತದೆ.

ಒಳಗಿನದು ಮುಗಿದ ಮೇಲೆ ರಸ್ತೆ. ಇದಕ್ಕೆ ಕೆಲಸಕ್ಕೆ ಬರುವುದು ಗೋಡೆ. ನಿಮ್ಮ ಕಾಂಪೌಂಡ್ ನಾಲ್ಕೂವರೆ ಅಡಿ ಗೋಡೆ, ಮೇಲೆ ಎರಡಡಿ ಗ್ರಿಲ್. ಬೆಂಚಿನ ಮೇಲೆ ಕೂತವರ ಕಿವಿ ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿರುತ್ತದೆ, ಬಸ್ಸು ಲಾರಿಯ ಎಂಜಿನ್, ಹಾರ್ನ್ ಗ್ರಿಲ್ಲಿನಿಂದ ನೇರ ಕಾಣುತ್ತವೆ. ಸದ್ದಿನ ಮೂಲಕ್ಕೂ ಕಿವಿಗೂ ನಡುವಿನ ನೇರ ಗೆರೆಯನ್ನು ಗೋಡೆ ಕಡಿದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಅದರ ಮೇಲೆ ಏರಿಸುವ ಪ್ರತಿ ಮೀಟರಿಗೆ ಒಂದೂವರೆ ಡೆಸಿಬೆಲ್ ಲೆಕ್ಕ ಹಿಡಿಯಬಹುದು. ಗ್ರಿಲ್ ಇರುವಲ್ಲಿ ಇಟ್ಟಿಗೆ ತುಂಬಿಸಿ, ಒಟ್ಟು ಏಳಡಿಯ ಹತ್ತಿರ ಬಂದರೆ ಬೆಂಚಿನವರಿಗೆ ಐದಾರು ಡೆಸಿಬೆಲ್ ಉಳಿತಾಯ. ಹಳೆ ಪಾಯ ಆ ಭಾರ ಮತ್ತು ಗಾಳಿಯ ಹೊಡೆತ ತಡೆಯುತ್ತದೆಯೇ ಎಂದು ಸಿವಿಲ್ ಎಂಜಿನಿಯರಿಗೆ ತೋರಿಸಿಯೇ ಕೈಹಾಕಿ. ಕಾಂಪೌಂಡಿನ ಎತ್ತರಕ್ಕೆ ಪಾಲಿಕೆಯ ಮಿತಿಯೂ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಗೋಡೆಯಲ್ಲಿ ಸಂದಿ ಬಿಡಬಾರದು. ಬಾಟಲಿಗೆ ತೂತಿದ್ದರೆ ನೀರು ಹೇಗೋ ಸದ್ದೂ ಹಾಗೆ.

ಅದರ ಜೊತೆ ದುಡ್ಡಿಲ್ಲದ ಒಂದು ಕೆಲಸ: ಬೆಂಚುಗಳನ್ನು ಜಾಗದ ನಡುವಿನಿಂದ ಎತ್ತಿ ಕಾಂಪೌಂಡಿಗೆ ಬೆನ್ನು ಹಚ್ಚಿ ಇಡಿ. ಗೋಡೆಯ ಸದ್ದಿನ ನೆರಳು, ಅಂದರೆ ಗೋಡೆ ಅಡ್ಡ ಬಂದು ಸದ್ದು ಕಡಿಮೆ ತಲುಪುವ ಜಾಗ, ಅದರ ಬುಡದಲ್ಲೇ ಹೆಚ್ಚು ದಟ್ಟ. ಗೋಡೆಗೆ ಬೆನ್ನು ಕೊಟ್ಟು ಕೂತವರಿಗೆ ಓಪಿಡಿ ಬಾಗಿಲು ಎದುರಿಗೇ ಕಾಣುತ್ತದೆ. ಈಗ ನಿಮ್ಮ ಆರು ಬೆಂಚಿನಲ್ಲಿ ನಾಲ್ಕು ರಸ್ತೆಯ ಕಡೆಗೆ ಮುಖ ಮಾಡಿವೆ, ಬಾಗಿಲಿಗೆ ಬೆನ್ನು. ಒಳಗೆ ತಾಯಿಯನ್ನು ಬಿಟ್ಟುಬಂದವರು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆಯೇ, ನೀವೇ ಹೇಳಿ.

ಗೋಡೆಯ ಇನ್ನೊಂದು ಮಿತಿ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ಎರಡನೇ ಮಹಡಿಯ ವಾರ್ಡಿಗೆ ಇದರಿಂದ ಏನೂ ಸಿಗದು. ಅವರು ಗೋಡೆಯ ಮೇಲಿನಿಂದ ರಸ್ತೆಯನ್ನೇ ನೋಡುತ್ತಿದ್ದಾರೆ. ಮಲಗುವ ವಾರ್ಡಿನ ಒಳಗೆ 30 ಡೆಸಿಬೆಲ್ ಇರಲಿ, ರಾತ್ರಿ ಬಿಡಿಬಿಡಿ ಸದ್ದುಗಳು 40 ದಾಟದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ತೆರೆದ ಕಿಟಕಿ ತಡೆಯುವುದು ಹತ್ತು ಹದಿನೈದು ಡೆಸಿಬೆಲ್ ಮಾತ್ರ. ಹಾಗಾಗಿ ನಮ್ಮ ಊರುಗಳ ರಸ್ತೆ ಬದಿಯ ವಾರ್ಡುಗಳಿಗೆ ಅದು ದೂರದ ಮಾತು. ಅವರ ನಿದ್ದೆಗೆ ಬೇಕಾದದ್ದು ಸಂದಿ ಮುಚ್ಚಿದ ಕಿಟಕಿ, ಗಾಳಿಗೆ ಬೇರೆ ದಾರಿ, ರಾತ್ರಿ ಜನರೇಟರಿನ ಕ್ಯಾನಪಿಯ ಬಾಗಿಲು ಮುಚ್ಚಿರುವುದು. ಆ ಖರ್ಚನ್ನು ತೋಟದ ಖರ್ಚಿನ ಜೊತೆ ಕಲಸಬೇಡಿ.

ರೈಲಿನ ಬಗ್ಗೆ ಕೇಳಿದ್ದೀರಿ. ಹಾರ್ನ್ ನಿಲ್ಲಿಸಲಾಗದು. ಹಳಿಯ ಮೇಲಿನ ಜೀವದ ಪ್ರಶ್ನೆ ಅದು, ಕೂಗುವುದು ಚಾಲಕರ ಕರ್ತವ್ಯ. ಆದರೆ ನಿಮ್ಮ ಪಟ್ಟಿಯಲ್ಲಿ ಅದನ್ನು ಯಾರೂ ದೂರಿಲ್ಲ ಎನ್ನುವುದನ್ನು ಗಮನಿಸಿದಿರಾ? ಈ ಊರಿನ ನಡುವೆಯೇ ಹಳಿ ಹೋಗಿದೆ. ಅಶೋಕ ರಸ್ತೆಯ ಗೇಟಿನಲ್ಲಿ ನಿಂತು ನಿಂತು ಎರಡು ತಲೆಮಾರು ಬೆಳೆದಿದೆ. ಅದಕ್ಕೂ ಹಿಂದೆ ಹತ್ತಿ ಮಿಲ್ಲುಗಳ ಸೈರನ್ ಕೇಳಿ ಬುತ್ತಿ ಕಟ್ಟಿದ ಊರು. ಇಲ್ಲಿಯವರಿಗೆ ರೈಲಿನ ಕೂಗು ಗಡಿಯಾರ. ಸದ್ದಿನ ಪರಿಸರಕ್ಕೆ "ಸೌಂಡ್‌ಸ್ಕೇಪ್" ಎಂಬ ಮಾತನ್ನು ಬಳಕೆಗೆ ತಂದು ಹರಡಿದ ಕೆನಡಾದ ಸಂಗೀತಗಾರ ಆರ್. ಮರ್ರಿ ಶೇಫರ್ ಎತ್ತಿ ತೋರಿಸಿದ್ದೂ ಇದನ್ನೇ, ಒಂದು ಊರಿಗೆ ತನ್ನದೆನಿಸಿದ ಸದ್ದುಗಳಿರುತ್ತವೆ ಎಂದು. 2014ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಕೂಡ ಸೌಂಡ್‌ಸ್ಕೇಪ್ ಅಂದರೆ ಆ ಜಾಗದಲ್ಲಿ ಇರುವ ಜನ ತಮ್ಮ ಸಂದರ್ಭದಲ್ಲಿ ಗ್ರಹಿಸಿದ್ದು ಎನ್ನುತ್ತದೆ. ಮೀಟರ್ ಹೇಳುವುದು ಅದರ ಒಂದು ಭಾಗ.

ಇನ್ನು ಕಾರಂಜಿ. ನೀರಿನ ಸದ್ದು ಹಿತ ಎನ್ನುವುದಕ್ಕೆ ಆಧಾರವಿದೆ. 2010ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು 40 ಜನರಿಗೆ ಮನಸ್ಸಿನಲ್ಲೇ ಲೆಕ್ಕ ಮಾಡಿಸಿ ಸುಸ್ತು ಮಾಡಿ, ಆಮೇಲೆ ಕೆಲವು ಸದ್ದು ಕೇಳಿಸಿದರು. ನೀರು ಮತ್ತು ಹಕ್ಕಿಯ ಸದ್ದು ಕೇಳುವಾಗ ವಾಹನದ ಸದ್ದಿಗಿಂತ ಬೇಗ ಮೈ ಹಗುರಾದದ್ದು ಚರ್ಮದ ಮೇಲಿನ ಅಳತೆಯಲ್ಲಿ ಕಂಡಿತು. ಸರಿ. ಆದರೆ ಅವರು ಪ್ರಯೋಗಶಾಲೆಯಲ್ಲಿದ್ದರು, ಅವರ ಮಗ ಆಪರೇಷನ್ ಥಿಯೇಟರಿನಲ್ಲಿರಲಿಲ್ಲ. 68 ಡೆಸಿಬೆಲ್ ಅಂಗಳದ ನಡುವೆ ಕಾರಂಜಿ ಎಬ್ಬಿಸಿದರೆ ರಸ್ತೆ ಮುಚ್ಚಬೇಕಾದರೆ ಅದೂ ಅಷ್ಟೇ ಜೋರಾಗಬೇಕು, ಆಗ ಒಟ್ಟು 71. ಕೂಗಿದ್ದು ಕೇಳುವುದು ಇನ್ನೂ ಕಷ್ಟ. ಮೇಲಾಗಿ ಎರಚುವ ನೀರಿನ ಸಣ್ಣ ಹನಿಗಳಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಗಾಳಿಗೆ ಸೇರಬಹುದು. ರೋಗನಿರೋಧಕ ಶಕ್ತಿ ಕುಂದಿದವರು ಓಡಾಡುವ ಜಾಗದಲ್ಲಿ ಎರಚುವ ಕಾರಂಜಿಯನ್ನು ನಾನಂತೂ ಬರೆದುಕೊಡುವುದಿಲ್ಲ. ಪಂಪು ಕೆಟ್ಟು ನಾಲ್ಕು ದಿನ ನಿಂತರೆ ಡೆಂಗಿ ಸೊಳ್ಳೆಗೆ ತೊಟ್ಟಿಲು. ಇನ್ನೊಂದು ವಿಷಯ ಯಾರೂ ಕೊಟೇಶನ್ನಿನಲ್ಲಿ ಬರೆಯುವುದಿಲ್ಲ: ಹರಿಯುವ ನೀರಿನ ಸದ್ದು ಕೇಳಿದರೆ ಮೂತ್ರ ಬರುತ್ತದೆ. ಪ್ರಾಸ್ಟೇಟ್ ತೊಂದರೆಯ ಅಜ್ಜಂದಿರಿಗೆ, ಸಕ್ಕರೆ ಕಾಯಿಲೆಯವರಿಗೆ ಕಾರಂಜಿ ಕಟ್ಟುವ ಮೊದಲು ಶೌಚಾಲಯ ಎಷ್ಟು ದೂರ ಎಂದು ಅಳೆಯಿರಿ.

ಆದರೂ ನೀರಿಗೆ ಒಂದು ಜಾಗ ಕೊಡುತ್ತೇನೆ. ನಿಮ್ಮ ನಕ್ಷೆಯಲ್ಲಿ ಔಷಧಿ ಅಂಗಡಿಯ ಪಕ್ಕ ಒಂದು ಮೂಲೆಯಿದೆ, ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುವುದು ಅಲ್ಲಿಯೇ ಎಂದಿರಿ. ಪೂರ್ತಿ ನಿಶ್ಶಬ್ದ ಮಾಡಿದ ಅಂಗಳದಲ್ಲಿ ಇದೇ ಕಷ್ಟ, ಒಬ್ಬರ ಅಳು, ಬಿಲ್ಲಿನ ಮಾತು, ಕಾಯಿಲೆಯ ಹೆಸರು ಎಲ್ಲರ ಕಿವಿಗೂ ಬೀಳುತ್ತದೆ. ಆ ಮೂಲೆಯಲ್ಲಿ ಕಲ್ಲಿನ ಮೇಲಿನಿಂದ ಎರಚದೆ ಜಾರಿ ಇಳಿಯುವ, ಕೆಳಗೆ ನಿಲ್ಲದೆ ಜಲ್ಲಿಯೊಳಗೆ ಇಂಗಿ ಮುಚ್ಚಿದ ತೊಟ್ಟಿಗೆ ಹೋಗುವ ತೆಳು ನೀರು ಇದ್ದರೆ ಅದು ಮಾತಿಗೆ ಪರದೆ. ಮೂರು ನಾಲ್ಕಡಿ ಆಚೆ ಅದರ ಪ್ರಭಾವ ಇರಬಾರದು, ಅಷ್ಟು ಸಣ್ಣದು. ವಾರಕ್ಕೊಮ್ಮೆ ತೊಳೆದು ಕ್ಲೋರಿನ್ ಹಾಕುವ ಒಬ್ಬರ ಹೆಸರು ರಿಜಿಸ್ಟರಿನಲ್ಲಿ ಇರಬೇಕು. ಅಂಥ ಒಬ್ಬರು ಸಿಗದಿದ್ದರೆ ನೀರು ಬೇಡವೇ ಬೇಡ, ನಾಲ್ಕು ಬಿದಿರು ಮೆಳೆ ನೆಡಿ.

ಕೊಳಲಿನ ವಿಷಯಕ್ಕೆ ಒಂದು ಘಟನೆ. ಬೇರೆ ಊರಿನ ಒಂದು ಆಸ್ಪತ್ರೆ, ಹೆಸರು ಬೇಡ. ಅಂಗಳದ ಸ್ಪೀಕರ್ ವ್ಯವಸ್ಥೆ ನಾನೇ ಮಾಡಿಕೊಟ್ಟಿದ್ದೆ. ಹಿತವಾದ ವಾದ್ಯಸಂಗೀತ, ಕಡಿಮೆ ವಾಲ್ಯೂಮ್, ಎಲ್ಲರಿಗೂ ಖುಷಿ. ಆರು ತಿಂಗಳ ಮೇಲೆ ಏನೋ ರಿಪೇರಿಗೆ ಹೋಗಿದ್ದಾಗ ತುರ್ತು ವಿಭಾಗದ ಮುಂದೆ ಒಂದು ಕುಟುಂಬ ನಿಂತಿತ್ತು. ಅಪಘಾತದಲ್ಲಿ ಹುಡುಗ ಹೋಗಿದ್ದ. ಮೇಲೆ ಸ್ಪೀಕರಿನಲ್ಲಿ ಮದುವೆಮನೆಯಲ್ಲಿ ನುಡಿಸುವಂಥ ಧಾಟಿ. ಹುಡುಗನ ದೊಡ್ಡಪ್ಪ ಇರಬೇಕು, ಸೆಕ್ಯೂರಿಟಿಯವನ ಹತ್ತಿರ ಬಂದು ಬಹಳ ಮೆತ್ತಗೆ, "ಅದನ್ನ ಸ್ವಲ್ಪ ನಿಲ್ಲಸ್ತೀರೇನಪ್ಪಾ" ಎಂದರು. ಸ್ವಿಚ್ಚು ಇದ್ದದ್ದು ಅಡ್ಮಿನ್ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ಊಟಕ್ಕೆ ಹೋದವರ ಜೇಬಲ್ಲಿ. ಇಪ್ಪತ್ತು ನಿಮಿಷ ಆ ಸಂಗೀತ ನಡೆಯಿತು. ಸ್ಪೀಕರನ್ನು ಎಲ್ಲಿಡಬೇಕು ಎಂದು ಮೂರು ದಿನ ಲೆಕ್ಕ ಹಾಕಿದ್ದ ನಾನು ಸ್ವಿಚ್ಚು ಎಲ್ಲಿರಬೇಕು ಎಂದು ಮೂರು ನಿಮಿಷವೂ ಯೋಚಿಸಿರಲಿಲ್ಲ.

ಆಮೇಲೆ ಹೊರಗಿನ ಅಂಗಳಕ್ಕೆ ಸಂಗೀತ ಹಾಕುವುದನ್ನೇ ಬಿಟ್ಟಿದ್ದೇನೆ. ಬೇಕೆಂದವರು ಇಯರ್‌ಫೋನಿನಲ್ಲಿ ಕೇಳಲಿ. ಬೇಡವೆಂದವರಿಗೆ ಎದ್ದುಹೋಗಲು ಜಾಗವಿರುವುದಿಲ್ಲ, ಡ್ರಿಪ್ ಹಾಕಿಕೊಂಡು ಗಾಲಿಕುರ್ಚಿಯಲ್ಲಿರುತ್ತಾರೆ. ಗೇಟಿನ ಸೆಕ್ಯೂರಿಟಿಯವರು ಅದೇ ಎಂಟು ರಾಗವನ್ನು ಹನ್ನೆರಡು ತಾಸು ಕೇಳಬೇಕು, ಅವರನ್ನು ಯಾರೂ ಕೇಳುವುದಿಲ್ಲ. ಹಿರಿಯ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸಿ. ವಚನ ನನಗೂ ಇಷ್ಟ. ಒಳಗಿನ ಲಾಬಿಯಲ್ಲಿ, ಬೆಳಿಗ್ಗೆ ಏಳರ ಮೇಲೆ, ಹದಿನೈದು ನಿಮಿಷ, ಪಕ್ಕದಲ್ಲಿ ನಿಂತವರ ಜೊತೆ ದನಿಯೇರಿಸದೆ ಮಾತಾಡುವಷ್ಟು ಮೆಲ್ಲಗೆ ಹಾಕಿಸಲಿ. ಎಲ್ಲ ನಂಬಿಕೆಯವರೂ ಬರುವ ಜಾಗ ಎನ್ನುವುದು ಅವರಿಗೆ ನಾನು ಹೇಳಬೇಕಾದ್ದಲ್ಲ. ಸ್ವಿಚ್ಚು ರಿಸೆಪ್ಷನ್ ಮೇಜಿನ ಮೇಲೇ ಇರಲಿ.

ಕೊನೆಗೆ, ಆ ಏಳು ಜನ. ಈಗ ನಿಮ್ಮಲ್ಲಿ ಕರೆಯುವುದು ಹೇಗೆ? ಬಾಗಿಲ ಮೇಲೆ ಒಂದು ಹಾರ್ನ್ ಸ್ಪೀಕರ್, ಒಳಗೆ ಮೈಕು. ಅಂಗಳದ ಕೊನೆಗೆ, 20 ಮೀಟರ್ ದೂರಕ್ಕೆ, 70 ಡೆಸಿಬೆಲ್ ತಲುಪಿಸಬೇಕಾದರೆ ಸ್ಪೀಕರಿನ ಒಂದು ಮೀಟರ್ ಹತ್ತಿರ 96 ಇರಬೇಕು. ಅದರ ಕೆಳಗೆ ನಿಂತವರು ಬೆಚ್ಚಿಬೀಳುತ್ತಾರೆ, ಮೇಲಿನ ವಾರ್ಡಿನವರು ಎಚ್ಚರಾಗುತ್ತಾರೆ, ಬೆಂಚಿನವರಿಗೆ ಆಗಲೂ ಮಾತು ಒಡೆದೇ ಕೇಳುತ್ತದೆ. ಯಾಕೆಂದರೆ ಮಾತು ಸ್ಪಷ್ಟವಾಗಲು ಅದು ಹಿನ್ನೆಲೆಗಿಂತ ಹತ್ತು ಡೆಸಿಬೆಲ್ಲಾದರೂ ಮೇಲಿರಬೇಕು, 68ರ ಮೇಲೆ 70 ಸಾಲದು. ವಯಸ್ಸಾದ ಕಿವಿಗೆ ಮೊದಲು ಹೋಗುವುದು ಸ, ಶ, ತ, ಕ ಮೊದಲಾದ ಸಣ್ಣ ವ್ಯಂಜನಗಳು, ಕೂಗಿನ ಗದ್ದಲ ಮಾತ್ರ ಉಳಿಯುತ್ತದೆ. ಗದ್ದಲದಲ್ಲಿ ಮನುಷ್ಯರು ತಮಗರಿವಿಲ್ಲದೆ ದನಿ ಏರಿಸುತ್ತಾರೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ವಿವರಿಸಿದ, ಅವನ ಹೆಸರಿನಲ್ಲೇ ಲೊಂಬಾರ್ಡ್ ಪರಿಣಾಮ ಎನ್ನುತ್ತೇವೆ. ಬಾಗಿಲ ಬಳಿಯ ಗುಂಪು ಜೋರಾಗಿ ಮಾತಾಡುವುದಕ್ಕೆ ಮೈಕಿನ ಸಿಸ್ಟರ್ ಇನ್ನೂ ಜೋರು, ಅದಕ್ಕೆ ಗುಂಪು ಮತ್ತೂ ಜೋರು.

ನಾನು ಮಾಡುವುದು ಹೀಗೆ. ಹಾರ್ನ್ ಇಳಿಸಿ. ಪ್ರತಿ ಬೆಂಚಿನ ಹಿಂದೆ, ತಲೆಗಿಂತ ತುಸು ಮೇಲೆ, ನೀರು ತಡೆಯುವ ಒಂದೊಂದು ಪುಟ್ಟ ಸ್ಪೀಕರ್, ಮುಖ ಬೆಂಚಿಗೆ. ಎರಡು ಮೀಟರ್ ದೂರಕ್ಕೆ 70 ಕೊಡಲು ಅದು 76 ನುಡಿದರೆ ಸಾಕು, ಹಾರ್ನಿಗಿಂತ 20 ಡೆಸಿಬೆಲ್ ಮೆಲ್ಲಗೆ. ಗೋಡೆ, ಬೆಂಚಿನ ಜಾಗ, ಗೇಟಿನ ಜಾಲರಿ ಸೇರಿ ಹಿನ್ನೆಲೆ 60ರ ಹತ್ತಿರ ಬಂದರೆ 70 ಸ್ಪಷ್ಟ ಕೇಳುತ್ತದೆ. ಮೊದಲು ಒಂದು ಮೆತ್ತನೆಯ ಗಂಟೆ, ಆಮೇಲೆ ಟೋಕನ್ ನಂಬರು ಎರಡು ಸಲ, ಕನ್ನಡದಲ್ಲಿ. ಕಾಯಿಲೆ, ವಿಭಾಗದ ಹೆಸರು ಬೇಡ. ಅಂಗಳದಿಂದ ಕಾಣುವಂತೆ ನಂಬರಿನ ಬೋರ್ಡೂ ಇರಲಿ, ಕಿವಿ ಕೇಳದವರಿಗೆ ಅದೇ ಗತಿ, ಓದಲು ಬಾರದವರಿಗೆ ಸ್ಪೀಕರೇ ಗತಿ. ಮೊಬೈಲಿಗೆ ಮೆಸೇಜ್ ಕಳಿಸುವ ವ್ಯವಸ್ಥೆಯನ್ನೇ ನಂಬಿ ಕೂರಬೇಡಿ, ಫೋನು ಮಗನ ಹತ್ತಿರ ಇರುತ್ತದೆ, ಮಗ ಬೆಣ್ಣೆದೋಸೆ ತಿನ್ನಲು ಹೋಗಿರುತ್ತಾನೆ. ಕರೆದಾಗ ಬಾರದವರನ್ನು ಹುಡುಕಲು ಒಬ್ಬ ವಾರ್ಡ್ ಬಾಯ್ ಅಂಗಳಕ್ಕೆ ಒಂದು ಸುತ್ತು ಹಾಕಲಿ, "ಕರೆದಾಗ ಬಾರದಿದ್ದರೂ ಸರದಿ ಹೋಗುವುದಿಲ್ಲ, ಮುಂದಿನವರ ನಂತರ ನಿಮ್ಮದೇ" ಎಂದು ಬೆಂಚಿನ ಬಳಿ ಬರೆಸಿ. ನನ್ನ ಅನುಭವದಲ್ಲಿ ಈ ಒಂದು ಸಾಲು ಸ್ಪೀಕರಿಗಿಂತ ಹೆಚ್ಚು ಜನರನ್ನು ಬಾಗಿಲಿನಿಂದ ಬಿಡಿಸಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸ್ಪೀಕರ್ ಪೂರ್ತಿ ಬಂದ್. ಅಂಗಳದಲ್ಲಿ ಚಾಪೆ ಹಾಸಿ ಮಲಗಿದವರನ್ನು ಹೋಗಿ ಮುಟ್ಟಿಯೇ ಎಬ್ಬಿಸಬೇಕು.

ನಿಶ್ಶಬ್ದ ವಲಯದ ಫಲಕ ಹಾಕಿಸಬಹುದೇ ಎಂದೂ ಕೇಳಿದ್ದಿರಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯದ ಮಾತಿದೆ, ಅಲ್ಲಿ ಮಿತಿ ಹಗಲು 50, ರಾತ್ರಿ 40 ಡೆಸಿಬೆಲ್. 2017ರ ತಿದ್ದುಪಡಿ ಬಂದ ಮೇಲೆ ಸರ್ಕಾರ ಘೋಷಿಸಿದ್ದರೆ ಮಾತ್ರ ವಲಯ ಎಂದಾಯಿತು, ಹಾಗಾಗಿ ನಿಮ್ಮ ರಸ್ತೆ ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾಡಳಿತದಲ್ಲಿ ವಿಚಾರಿಸಿ, ಇಲ್ಲದಿದ್ದರೆ ಅರ್ಜಿ ಕೊಡಿ. ಅಂಥ ವಲಯದಲ್ಲಿ ಹಾರ್ನ್ ಹೊಡೆದರೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲ 1000 ರೂಪಾಯಿ, ಮತ್ತೆ ಹೊಡೆದರೆ 2000 ರೂಪಾಯಿ ದಂಡವಿದೆ. ಫಲಕವನ್ನು ಗೇಟಿನ ಮೇಲೆ ಹಾಕಿದರೆ ಓದುವಷ್ಟರಲ್ಲಿ ಹಾರ್ನ್ ಮುಗಿದಿರುತ್ತದೆ. ತಿರುವಿಗಿಂತ ಮೊದಲು, ಎರಡೂ ಕಡೆ, ಬಸ್ಸಿನವರ ಕಣ್ಣಿನ ಎತ್ತರಕ್ಕೆ ಹಾಕಿಸಿ.

ಕೊಟೇಶನ್ ಸದ್ಯಕ್ಕೆ ಪಕ್ಕಕ್ಕಿಡಿ. ಈ ವಾರ ಜಾಲರಿ ಬಿಗಿಸಿ, ಜನರೇಟರ್ ಬಾಗಿಲು ನೋಡಿ, ಬೆಂಚು ತಿರುಗಿಸಿ, ಸರದಿಯ ಬರಹ ಹಾಕಿಸಿ. ಹದಿನೈದು ದಿನ ಬಿಟ್ಟು ಅದೇ ಫೋನಿನಲ್ಲಿ, ಅದೇ ಬೆಂಚಿನಲ್ಲಿ, ಹನ್ನೊಂದು ಗಂಟೆಗೆ ಮತ್ತೆ ಅಳೆದು ಕಳಿಸಿ. ಬೆಂಚಿನ ಮೇಲೆ ಎಷ್ಟು ಜನ ಕೂತಿದ್ದರು ಎನ್ನುವುದನ್ನೂ ಎಣಿಸಿ ಬರೆಯಿರಿ. ಗೋಡೆ ಎಷ್ಟು ಏರಿಸಬೇಕು, ಸ್ಪೀಕರ್ ಎಷ್ಟು ಬೇಕು ಎಂಬುದನ್ನು ಆ ಎರಡು ಅಂಕಿ ನೋಡಿ ಹೇಳುತ್ತೇನೆ.